ಸದನದಲ್ಲಿ ಇಲಾಖೆಗಳನ್ನು ಪ್ರಶ್ನಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ಶಾಸಕರೊಬ್ಬರಿಗೆ ಸದನದ ಪ್ರಶ್ನೆಗಳನ್ನು ಬರೆದುಕೊಡುವ ಕೆಲಸ ನನ್ನದಾಗಿತ್ತು. ಅದನ್ನು ಬಿಟ್ಟ ಮೇಲೂ ಸ್ನೇಹಿತರು, ಪತ್ರಕರ್ತರು, ಊರಿನ ಸಂಘಗಳವರು ಫೋನು ಮಾಡಿ ಅವೇ ವಿಷಯಗಳನ್ನು ಕೇಳುತ್ತಾರೆ. ಹೇಳಿದ್ದನ್ನೇ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ವಾಸಿ ಎನ್ನಿಸಿತು. ವಿಧಾನಮಂಡಲ, ಸಂಸತ್ತು ಎರಡರ ಮಾತೂ ಇಲ್ಲಿ ಬರುತ್ತದೆ. ದಿನಗಳ, ಸಂಖ್ಯೆಗಳ ಲೆಕ್ಕ ಹೇಳಿರುವ ಕಡೆ ಅದು ಸಂಸತ್ತಿನದು.

ಪ್ರಶ್ನೆ ಕೇಳಿದರೆ ನಿಜಕ್ಕೂ ಏನಾದರೂ ಆಗುತ್ತದೆಯೇ, ಇಲ್ಲ ಅದು ಬರೀ ಶಾಸ್ತ್ರವೇ?

ಹೆಚ್ಚಿನ ಸಲ ಆಗುವುದು ಒಂದೇ ಒಂದು ಕೆಲಸ. ಇಲಾಖೆಯು ಒಂದು ಸಂಗತಿಯನ್ನು ಸಚಿವರ ಹೆಸರಿನಲ್ಲಿ, ಬರವಣಿಗೆಯಲ್ಲಿ ಒಪ್ಪಿಕೊಳ್ಳುತ್ತದೆ. ವೇದಿಕೆಯ ಮೇಲೆ ಹೇಳಿದ ಮಾತನ್ನು ಮರುದಿನ ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಜಾರಿಕೊಳ್ಳಬಹುದು. ಸದನಕ್ಕೆ ಕೊಟ್ಟ ಅಂಕಿಯ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ಅಪರೂಪಕ್ಕೆ ಒಂದು ಪ್ರಶ್ನೆ ಕುರ್ಚಿಯನ್ನೇ ಅಲ್ಲಾಡಿಸುತ್ತದೆ. 1957ರಲ್ಲಿ, ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರು ಕೊಂಡ ಸಂಗತಿ ಲೋಕಸಭೆಯ ಪ್ರಶ್ನೆಗಳಲ್ಲಿ ಎದ್ದು, ಸಂಸದ ಫಿರೋಜ್ ಗಾಂಧಿ ಅದನ್ನು ಬಿಡದೆ ಹಿಡಿದು, ನ್ಯಾಯಮೂರ್ತಿ ಛಾಗ್ಲಾ ಅವರ ಆಯೋಗದ ವಿಚಾರಣೆಯೂ ನಡೆದು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂಥ ದಿನಕ್ಕಾಗಿ ಕಾದು ಕೂತರೆ ಆಯುಷ್ಯ ಮುಗಿಯುತ್ತದೆ. ಪ್ರಶ್ನೆ ಬರೆಯುವವನ ದಿನನಿತ್ಯದ ಸಂತೋಷವೆಂದರೆ ಅನುಬಂಧದಲ್ಲಿ ಬರುವ ಒಂದು ಸರಿಯಾದ ಕೋಷ್ಟಕ.

ಈ ಪದ್ಧತಿ ಎಲ್ಲಿಂದ ಬಂತು?

ಬ್ರಿಟಿಷರಿಂದ. ಅಲ್ಲಿನ ಮೇಲ್ಮನೆಯಲ್ಲಿ 1721ರ ಫೆಬ್ರುವರಿ 9ರಂದು ದಾಖಲಾದ ಮೊದಲ ಪ್ರಶ್ನೆ, ಸೌತ್ ಸೀ ಎಂಬ ವ್ಯಾಪಾರಿ ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದಿದ್ದಾನಂತೆ, ಹೌದೇ ಎಂಬುದು. ಮುನ್ನೂರು ವರ್ಷವಾದರೂ ಆ ಜಾತಿಯ ಪ್ರಶ್ನೆ ಹಳತಾಗಿಲ್ಲ. ನಮ್ಮಲ್ಲಿ ಶಾಸನ ಮಂಡಳಿಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರ ಕಾಯ್ದೆಯಿಂದ. ಉತ್ತರ ಬಂದ ಮೇಲೆ ಉಪಪ್ರಶ್ನೆ ಕೇಳುವ ಹಕ್ಕು 1909ರಲ್ಲಿ.

ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದರೇನು?

ಚುಕ್ಕೆ ಇದ್ದರೆ ಸಚಿವರು ಎದ್ದುನಿಂತು ಬಾಯಿಮಾತಿನ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಲಿಖಿತ ಪ್ರಶ್ನೆ. ರಾಜ್ಯಸಭೆಯಲ್ಲಿ 15 ಮತ್ತು 160. ಸಾಮಾನ್ಯವಾಗಿ ಹದಿನೈದು ಪೂರ್ಣ ದಿನ ಮೊದಲೇ ಸೂಚನೆ ಕೊಟ್ಟಿರಬೇಕು. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಎಲ್ಲ ಸಚಿವಾಲಯಗಳನ್ನೂ ಐದು ಗುಂಪು ಮಾಡಿ ವಾರದ ಒಂದೊಂದು ದಿನ ಒಂದೊಂದು ಗುಂಪಿಗೆ ಹಂಚಿರುವುದರಿಂದ, ಬೇಕಾದ ದಿನ ಬೇಕಾದ ಸಚಿವರು ಸಿಗುವುದಿಲ್ಲ.

ಹೊರಗಿನವರಿಗೆ ಚುಕ್ಕೆ ಪ್ರಶ್ನೆಯೇ ದೊಡ್ಡದು ಎನ್ನಿಸುತ್ತದೆ. ಆದರೆ ಪ್ರಶ್ನೋತ್ತರಕ್ಕೆ ಇರುವ ಒಂದು ಗಂಟೆಯಲ್ಲಿ ಐದಾರು ದಾಟುವುದೇ ಹೆಚ್ಚು. 2019ರ ನವೆಂಬರ್ 27ರಂದು ಲೋಕಸಭೆ ಇಪ್ಪತ್ತನ್ನೂ ಮುಗಿಸಿದ್ದು ಪತ್ರಿಕೆಗಳಿಗೆ ಸುದ್ದಿಯಾಯಿತೆಂದರೆ ಉಳಿದ ದಿನಗಳ ಕಥೆ ನೀವೇ ಊಹಿಸಿ. ಅಂಕಿ ಬೇಕಾದವನು ಚುಕ್ಕೆಯ ಆಸೆ ಬಿಟ್ಟು ಲಿಖಿತ ಪ್ರಶ್ನೆಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಟಿವಿಯಲ್ಲಿ ಕಾಣಿಸಿಕೊಳ್ಳಬೇಕಾದವರ ಲೆಕ್ಕಾಚಾರ ಬೇರೆ, ಅದೂ ತಪ್ಪಲ್ಲ.

ಯಾವ ವಿಷಯವನ್ನಾದರೂ ಕೇಳಬಹುದೇ?

ಇಲ್ಲ. ಲೋಕಸಭೆಯ ನಿಯಮದಂತೆ ಪ್ರಶ್ನೆ 150 ಪದ ಮೀರಬಾರದು. ವಾದ, ವ್ಯಂಗ್ಯ, ಆರೋಪ, ಊಹೆ ಇರಬಾರದು. ಅಭಿಪ್ರಾಯ ಕೇಳಬಾರದು. ನ್ಯಾಯಾಲಯದ ಮುಂದಿರುವ ವಿಷಯ ಬರಬಾರದು. ಸುಲಭವಾಗಿ ಸಿಗುವ ಪ್ರಕಟಣೆಗಳಲ್ಲಿ ಇರುವ ಮಾಹಿತಿಯನ್ನು ಕೇಳಬಾರದು. ವ್ಯಂಗ್ಯಕ್ಕೆ ಅವಕಾಶವಿಲ್ಲ ಎಂಬುದು ನನಗೆ ಮೊದಲು ಬೇಸರ ತಂದಿತ್ತು. ಆಮೇಲೆ ತಿಳಿಯಿತು, ಒಣ ಪ್ರಶ್ನೆಯಷ್ಟು ಚುಚ್ಚುವುದು ಬೇರಾವುದೂ ಇಲ್ಲ.

ನಮ್ಮೂರ ಶಾಲೆಯ ವಿಷಯವನ್ನು ಶಾಸಕರು ಕೇಳಬೇಕೋ, ಸಂಸದರೋ?

ಶಾಸಕರು. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಶಿಕ್ಷಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಸಂಸದರು ಶಾಲೆಯ ಛಾವಣಿ ಸೋರುತ್ತಿದೆ ಎಂದು ಕೇಳಿದರೆ ಕೇಂದ್ರದ ಶಿಕ್ಷಣ ಸಚಿವಾಲಯದ ಉತ್ತರ ಬಹುತೇಕ ಒಂದೇ ಸಾಲಿನಿಂದ ಶುರುವಾಗುತ್ತದೆ: ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದ್ದು, ಹೆಚ್ಚಿನ ಶಾಲೆಗಳು ಆಯಾ ರಾಜ್ಯ ಸರ್ಕಾರಗಳ ವ್ಯಾಪ್ತಿಗೆ ಬರುತ್ತವೆ. ಅದರ ಬದಲು ಸಮಗ್ರ ಶಿಕ್ಷಾ ಯೋಜನೆಯಡಿ ಕರ್ನಾಟಕಕ್ಕೆ ಅನುಮೋದನೆಯಾದ ಮೊತ್ತವೆಷ್ಟು, ಬಿಡುಗಡೆಯಾದದ್ದೆಷ್ಟು ಎಂದು ಕೇಳಿದರೆ ಕೇಂದ್ರ ನುಣುಚಿಕೊಳ್ಳಲಾಗದು, ಏಕೆಂದರೆ ಆ ದುಡ್ಡು ಅದರದ್ದು.

ಶಾಸಕರ ಪ್ರಶ್ನೆಯಲ್ಲೂ ಜಾಣತನ ಬೇಕು. ನಾನು ಮೊದಲ ಅಧಿವೇಶನಕ್ಕೆ ಬರೆದುಕೊಟ್ಟ ಪ್ರಶ್ನೆ ಹೀಗಿತ್ತು: ‘ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಉತ್ತರದ ಕಾಲಮ್ಮಿನಲ್ಲಿ ಇದ್ದದ್ದು ಒಂದೇ ಪದ: ‘ಬಂದಿದೆ.’ ಮುಂದಿನ ಸಾಲು: ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ.’ ಶಾಸಕರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ‘ಇದಕ್ಕೆ ನೀವು ಎಷ್ಟು ದಿನ ತೆಗೆದುಕೊಂಡಿರಿ?’ ಎಂದರು. ಮೂರು ದಿನ.

ಮುಂದಿನ ಅಧಿವೇಶನಕ್ಕೆ ಹೀಗೆ ಬರೆದೆ: ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ಅತಿಥಿ ಶಿಕ್ಷಕರೆಷ್ಟು, ಏಕೋಪಾಧ್ಯಾಯ ಶಾಲೆಗಳು ಯಾವುವು, ಅವುಗಳಲ್ಲಿ ಹಾಜರಾತಿ ಪುಸ್ತಕದಂತೆ ಮಕ್ಕಳೆಷ್ಟು (ಶಾಲಾವಾರು ಮಾಹಿತಿ ನೀಡುವುದು). ಏಳು ಪುಟದ ಅನುಬಂಧ ಬಂತು. ಕೊರತೆ ಎಂಬ ಪದವನ್ನು ನಾನು ಬಳಸಿರಲಿಲ್ಲ. ಬಳಸುವ ಅಗತ್ಯವೂ ಬರಲಿಲ್ಲ.

‘ಉದ್ಭವಿಸುವುದಿಲ್ಲ’ ಎಂದರೆ ಏನರ್ಥ?

ಪ್ರಶ್ನೆಯನ್ನು (ಅ), (ಆ), (ಇ) ಎಂದು ಭಾಗ ಮಾಡಿರುತ್ತಾರೆ. (ಅ)ಗೆ ‘ಇಲ್ಲ’ ಎಂದು ಉತ್ತರಿಸಿದರೆ, ‘ಹಾಗಿದ್ದಲ್ಲಿ’ ಎಂದು ಶುರುವಾಗುವ (ಆ), (ಇ) ತಾವಾಗಿಯೇ ಬಿದ್ದುಹೋಗುತ್ತವೆ. ಹಾಗೆ ಬಿದ್ದ ಭಾಗದ ಎದುರು ಬರೆಯುವ ಪದ ಅದು. ನ್ಯಾಯವಾಗಿ ಬಳಸಿದಾಗ ತಪ್ಪೇನಿಲ್ಲ.

ಬೇರೆ ರೀತಿಯಲ್ಲಿ ಬಳಸಿದ್ದೂ ಉಂಟು. 2020ರ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ, ಲಾಕ್‌ಡೌನ್ ಸಮಯದಲ್ಲಿ ಊರಿಗೆ ಮರಳುತ್ತಾ ಸತ್ತ ವಲಸೆ ಕಾರ್ಮಿಕರೆಷ್ಟು, ಅವರ ಕುಟುಂಬಗಳಿಗೆ ಪರಿಹಾರ ಸಿಕ್ಕಿದೆಯೇ ಎಂದು ಕೇಳಲಾಯಿತು. ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯ ಹೇಳಿತು. ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದಿತು. ಆ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಇತ್ತು. ಹಾಗಾಗಿ ಎದ್ದುನಿಂತು ‘ಲೆಕ್ಕ ಏಕೆ ಇಡಲಿಲ್ಲ’ ಎಂದು ಉಪಪ್ರಶ್ನೆ ಕೇಳುವ ದಾರಿಯೂ ಇರಲಿಲ್ಲ.

ಇದರಿಂದ ಕಲಿತದ್ದು: (ಆ) ಭಾಗವನ್ನು (ಅ)ಗೆ ಕಟ್ಟಿಹಾಕಬೇಡಿ. ಒಂದೊಂದೂ ತನ್ನ ಕಾಲ ಮೇಲೆ ನಿಲ್ಲುವಂತೆ ಬರೆಯಿರಿ.

ಈ ಭಾಷೆಯ ಇನ್ನೆರಡು ಮಾತು ಗೊತ್ತಿದ್ದರೆ ಒಳ್ಳೆಯದು. ‘ಪರಿಶೀಲನೆಯಲ್ಲಿದೆ’ ಎಂದರೆ ಕಡತ ಎಲ್ಲೋ ಒಂದು ಕಡೆ ಇದೆ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂದರೆ ಈ ವರ್ಷ ಇಲ್ಲ.

ಕಲ್ಯಾಣ ಯೋಜನೆಗಳ ಬಗ್ಗೆ ಕೇಳುವಾಗ ಏನನ್ನು ಗಮನಿಸಬೇಕು?

ಹಂಚಿಕೆ, ಬಿಡುಗಡೆ, ವೆಚ್ಚ. ಈ ಮೂರೂ ಬೇರೆ ಬೇರೆ. ಬಜೆಟ್ಟಿನಲ್ಲಿ ಬರೆದದ್ದು ಹಂಚಿಕೆ, ಖಜಾನೆಯಿಂದ ಹೊರಟದ್ದು ಬಿಡುಗಡೆ, ಫಲಾನುಭವಿಯವರೆಗೆ ಹೋದದ್ದು ವೆಚ್ಚ. ‘ಎಷ್ಟು ಅನುದಾನ ನೀಡಲಾಗಿದೆ’ ಎಂದು ಕೇಳಿದರೆ ಇಲಾಖೆ ಮೂರರಲ್ಲಿ ದೊಡ್ಡದನ್ನು ಹೇಳುತ್ತದೆ, ನೀವೇ ಆ ಜಾಗದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದಿರಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಯ ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಲ್ಲರಿಗೂ ಅನ್ವಯಿಸುವ ಕಾಮಗಾರಿಯ ಒಂದು ಪಾಲನ್ನು ಇದೇ ಲೆಕ್ಕಕ್ಕೆ ಬರೆದುಕೊಳ್ಳಲು ದಾರಿಯಾಗಿದ್ದ, ಉಪಯೋಜನೆ ಕಾಯ್ದೆಯ 7(ಡಿ) ಕಲಮನ್ನು ಕರ್ನಾಟಕ ತೆಗೆದುಹಾಕಿದ್ದು 2023ರಲ್ಲಷ್ಟೇ. ಹಳೆಯ ವರ್ಷಗಳ ಅಂಕಿ ಕೇಳುವಾಗ ‘ಕಾಮಗಾರಿವಾರು’ ಎಂದು ಸೇರಿಸಿ.

ವ್ಯಾಖ್ಯಾನದ ಬಲೆ ಇದಕ್ಕಿಂತ ದೊಡ್ಡದು. 2021ರ ಜುಲೈನಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯದಿಂದ ರಾಜ್ಯಸಭೆಗೆ, ಮಲ ಹೊರುವ ಕೆಲಸದಿಂದ ಸಾವು ವರದಿಯಾಗಿಲ್ಲ ಎಂಬ ಉತ್ತರ ಬಂತು. ಓದಿದವರು ಬೆಚ್ಚಿದರು. ಇಲಾಖೆಯ ಮಟ್ಟಿಗೆ ಅದು ಸುಳ್ಳಲ್ಲ: 2013ರ ಕಾಯ್ದೆಯ ಪ್ರಕಾರ ‘ಮಲ ಹೊರುವುದು’ ಒಂದು, ‘ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಸ್ವಚ್ಛತೆ’ ಇನ್ನೊಂದು. ಎರಡನೆಯದರಲ್ಲಿ ಸತ್ತವರ ಸಂಖ್ಯೆಯನ್ನು ಅದೇ ಸಚಿವಾಲಯ ಬೇರೆ ಉತ್ತರಗಳಲ್ಲಿ ಕೊಟ್ಟಿದೆ. ಕಾಯ್ದೆಯ ಪದ ಬಳಸದೆ ಜನರ ಪದ ಬಳಸಿ ಕೇಳಿದರೆ ಸತ್ತವರು ಎರಡು ಪದಗಳ ನಡುವೆ ಕಾಣೆಯಾಗುತ್ತಾರೆ. ಪ್ರಶ್ನೆ ಬರೆಯುವ ಮೊದಲು ಕಾಯ್ದೆಯ ಎರಡನೆಯ ಕಲಮು, ಅಂದರೆ ವ್ಯಾಖ್ಯಾನಗಳ ಭಾಗವನ್ನು ಓದಲೇಬೇಕು.

ವೃದ್ಧಾಪ್ಯ ವೇತನದ ವಿಷಯವಾದರೆ ಕೇಂದ್ರದ ಪಾಲು, ರಾಜ್ಯದ ಪಾಲು ಬೇರೆ ಬೇರೆ ಕೇಳಿ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ಕೇಂದ್ರ ಕೊಡುವುದು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಉಳಿದದ್ದೆಲ್ಲ ರಾಜ್ಯದ ಕೈಯಿಂದ.

ಅಡಿಕೆ ಆಮದಿನ ಬಗ್ಗೆ ನಮ್ಮ ಶಾಸಕರು ಕೇಳಿದರೂ ಉತ್ತರ ಸಿಗಲಿಲ್ಲ. ಏಕೆ?

ವಿದೇಶ ವ್ಯಾಪಾರ ಕೇಂದ್ರದ ವಿಷಯ. ವಿಧಾನಸಭೆಯಲ್ಲಿ ಕೇಳಿದರೆ ‘ಕೇಂದ್ರಕ್ಕೆ ಪತ್ರ ಬರೆಯಲಾಗಿದೆ’ ಎನ್ನುತ್ತಾರೆ. ಇಲ್ಲಿ ಸಂಸದರೇ ಗತಿ. ಆದರೆ ಸಂಸದರೂ ಯಾರನ್ನು ಕೇಳಬೇಕೆಂದು ಯೋಚಿಸಬೇಕು, ಏಕೆಂದರೆ ದಿಲ್ಲಿಯಲ್ಲಿ ಒಂದು ಅಡಿಕೆಗೆ ನಾಲ್ಕು ಯಜಮಾನರು. ಕನಿಷ್ಠ ಆಮದು ಬೆಲೆ ವಾಣಿಜ್ಯ ಸಚಿವಾಲಯದ್ದು. 2023ರ ಫೆಬ್ರುವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಕಳ್ಳಸಾಗಣೆ ಹಿಡಿಯುವ ಕಸ್ಟಮ್ಸ್ ಹಣಕಾಸು ಸಚಿವಾಲಯದ ಕೆಳಗೆ. ಬಂದ ಮಾಲಿನ ಗುಣಮಟ್ಟ ಆರೋಗ್ಯ ಸಚಿವಾಲಯದ ಕೆಳಗಿನ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಎಲೆಚುಕ್ಕಿ ರೋಗ, ಸಂಶೋಧನೆ ಕೃಷಿ ಸಚಿವಾಲಯದ್ದು. ನಾಲ್ಕನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಉತ್ತರ ಕೊಡುವವರು ತಮಗೆ ಅನುಕೂಲವಾದದ್ದನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ವಿನಾಯಿತಿಗಳನ್ನೂ ಕೇಳಿ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟರು. ‘ಅಡಿಕೆ ಆಮದು ಹೆಚ್ಚಾಗಿದೆಯೇ’ ಎಂದಷ್ಟೇ ಕೇಳಿದರೆ ಇದು ಹೊರಬೀಳುವುದಿಲ್ಲ. ದೇಶ, ಬಂದರು, ಪ್ರಮಾಣ, ಮೌಲ್ಯ, ಯಾವ ಅಧಿಸೂಚನೆಯಡಿ ಎಂದು ಐದು ಕಾಲಮ್ ಕೇಳಿ.

ನಿರಾಶ್ರಿತರ ಬಗ್ಗೆ ಕೇಳಿದಾಗ ಉತ್ತರಗಳು ಏಕೆ ಇಷ್ಟು ಗೊಂದಲವಾಗಿರುತ್ತವೆ?

ಮೊದಲ ಕಾರಣ ನಮ್ಮ ಕನ್ನಡದ್ದೇ. ‘ನಿರಾಶ್ರಿತ’ ಎಂದರೆ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ನೆನಪಾಗುತ್ತದೆ. ಅದು ಭಿಕ್ಷುಕರಿಗಾಗಿ ಇರುವುದು, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವುದು, ಸಮಾಜ ಕಲ್ಯಾಣ ಇಲಾಖೆಗೆ ಸೇರಿದ್ದು. ಪ್ರವಾಹದಲ್ಲಿ ಮನೆ ಕಳೆದುಕೊಂಡವರನ್ನೂ ಪತ್ರಿಕೆಗಳು ನಿರಾಶ್ರಿತರೆನ್ನುತ್ತವೆ. ಅವರು ಕಂದಾಯ ಇಲಾಖೆಗೆ ಬರುತ್ತಾರೆ. ‘ರಾಜ್ಯದಲ್ಲಿರುವ ನಿರಾಶ್ರಿತರ ಸಂಖ್ಯೆ ಎಷ್ಟು?’ ಎಂದು ಬರೆದು ಕಳುಹಿಸಿದರೆ ಆ ಪ್ರಶ್ನೆ ಯಾವ ಇಲಾಖೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆಂದು ಹೇಳಲಾಗದು.

ಎರಡನೆಯದು ಕಾನೂನಿನದ್ದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಅದರ ಪೂರಕ ಒಪ್ಪಂದಕ್ಕೂ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಹಾಗಾಗಿ ಗೃಹ ಸಚಿವಾಲಯದ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೆಸರು. ರೋಹಿಂಗ್ಯಾಗಳನ್ನು ಸರ್ಕಾರ ‘ಅಕ್ರಮ ವಲಸಿಗರು’ ಎನ್ನುತ್ತದೆ. ಅವರ ಬಗ್ಗೆ ‘ನಿರಾಶ್ರಿತರು’ ಎಂದು ಕೇಳಿದರೆ ಉತ್ತರದ ಮೊದಲ ಸಾಲು ನಿಮ್ಮ ಪದವನ್ನು ತಿದ್ದುವುದಕ್ಕೇ ಖರ್ಚಾಗುತ್ತದೆ.

ಕರ್ನಾಟಕದೊಳಗೇ ನೋಡಿ. ಬೈಲುಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಇವು ಟಿಬೆಟನ್ನರ ವಸತಿಗಳು. ಅವರು ಕಾನೂನಿನ ಕಣ್ಣಿನಲ್ಲಿ ನೋಂದಣಿ ಪತ್ರವಿರುವ ವಿದೇಶಿಯರು. ಸಿಂಧನೂರಿನ ಕ್ಯಾಂಪುಗಳಲ್ಲಿರುವುದು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು. ಅವರಲ್ಲಿ ಕೆಲವರ ಪೌರತ್ವದ ಪ್ರಶ್ನೆಗೆ 2019ರ ತಿದ್ದುಪಡಿ ಕಾಯ್ದೆ ಅನ್ವಯಿಸುತ್ತದೆ, ಅದರ ನಿಯಮಗಳು ಹೊರಬಂದದ್ದು 2024ರ ಮಾರ್ಚಿನಲ್ಲಿ. ಸುಳ್ಯದ ರಬ್ಬರ್ ತೋಟಗಳ ತಮಿಳರು ಶ್ರೀಲಂಕಾದಿಂದ ಬಂದವರಾದರೂ ನಿರಾಶ್ರಿತರೇ ಅಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಭಾರತ ತನ್ನ ಪ್ರಜೆಗಳೆಂದು ಒಪ್ಪಿ ಕರೆಸಿಕೊಂಡ ಮರುವಸತಿಗರು. ಅವರ ತೊಂದರೆ ಜಾತಿ ಪ್ರಮಾಣಪತ್ರ, ಕೂಲಿ, ವಾಸದ ಮನೆ. ಅದನ್ನು ಗೃಹ ಸಚಿವಾಲಯಕ್ಕೆ ಕೇಳಿದರೆ ಏನೂ ಸಿಗದು. ಕಂದಾಯ ಇಲಾಖೆಗೂ ಅರಣ್ಯ ಅಭಿವೃದ್ಧಿ ನಿಗಮದ ಹೊಣೆ ಹೊತ್ತ ಇಲಾಖೆಗೂ ಕೇಳಬೇಕು.

ಆದ್ದರಿಂದ ಜನಾಂಗ, ಸ್ಥಳ, ಬಂದ ಒಪ್ಪಂದ ಅಥವಾ ಆದೇಶ, ಕೇಳುತ್ತಿರುವ ಸೌಲಭ್ಯ, ಇಷ್ಟನ್ನೂ ಪ್ರಶ್ನೆಯಲ್ಲಿಯೇ ಹೆಸರಿಸಿ. ಉದಾಹರಣೆಗೆ, ‘2014ರ ಟಿಬೆಟನ್ ಪುನರ್ವಸತಿ ನೀತಿಯಂತೆ ಮುಂಡಗೋಡದ ವಸತಿಯಲ್ಲಿ ಯಾವ ಯೋಜನೆಗಳ ಸೌಲಭ್ಯ ಎಷ್ಟು ಕುಟುಂಬಗಳಿಗೆ ತಲುಪಿದೆ’ ಎಂದು ಕೇಳಬಹುದು. ಇದಕ್ಕೆ ‘ಉದ್ಭವಿಸುವುದಿಲ್ಲ’ ಎನ್ನಲಾಗದು.

ಉತ್ತರದಲ್ಲಿರುವ ಅಂಕಿಗಳನ್ನು ನಂಬಬಹುದೇ?

ಅವು ಹೇಗೆ ಹುಟ್ಟುತ್ತವೆಂದು ನೋಡಿದವರು ಸ್ವಲ್ಪ ಅನುಮಾನ ಇಟ್ಟುಕೊಳ್ಳುತ್ತಾರೆ. ಕಚೇರಿಗಳಲ್ಲಿ ವಿಧಾನಸಭೆಯ ಪ್ರಶ್ನೆಗೆ ಇಂಗ್ಲಿಷಿನ ಮೊದಲಕ್ಷರಗಳನ್ನು ಹಿಡಿದು ‘ಎಲ್‌ಎಕ್ಯೂ’ ಎನ್ನುತ್ತಾರೆ, ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಆ ಅಕ್ಷರಗಳನ್ನು ಕೇಳಿದರೆ ಊಟಕ್ಕೆ ಕೂತ ಗುಮಾಸ್ತರೂ ಎದ್ದು ಬರುತ್ತಾರೆ. ವಿಧಾನಸೌಧದಿಂದ ಆಯುಕ್ತರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ, ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಗೆ, ಕಡೆಗೆ ಮುಖ್ಯ ಶಿಕ್ಷಕರ ಮೊಬೈಲಿಗೆ: ‘ಅತಿ ಜರೂರು. ಇಂದು ಸಂಜೆ 4ರೊಳಗೆ ಬಳಕೆಯಲ್ಲಿರುವ ಶೌಚಾಲಯಗಳ ಸಂಖ್ಯೆ ಕಳುಹಿಸುವುದು.’

ಅಂಥ ಒಂದು ಮಧ್ಯಾಹ್ನ ನಾನು ಶಾಲೆಯೊಂದರಲ್ಲಿದ್ದೆ. ಮುಖ್ಯ ಶಿಕ್ಷಕಿ ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಮೊಬೈಲ್ ನೋಡಿ, ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು, ಬೀರುವಿನಿಂದ ಕಳೆದ ವರ್ಷದ ಕಡತ ತೆಗೆದರು. ಅದರಲ್ಲಿ ನಾಲ್ಕು ಎಂದಿತ್ತು. ನಾಲ್ಕು ಎಂದೇ ಕಳುಹಿಸಿದರು. ‘ಮೇಡಂ, ಎರಡಕ್ಕೆ ಬೀಗ ಹಾಕಿದೆಯಲ್ಲ?’ ಎಂದೆ. ‘ಸರ್, ಬದಲಾಯಿಸಿದರೆ ವ್ಯತ್ಯಾಸಕ್ಕೆ ಕಾರಣ ಬರೆಯಬೇಕು, ಅದಕ್ಕೆ ಇನ್ನೊಂದು ನಮೂನೆ ಇದೆ’ ಎಂದು ಮತ್ತೆ ಭಾಗಾಕಾರಕ್ಕೆ ಹೋದರು. ತಿಂಗಳಾದ ಮೇಲೆ ಸದನದಲ್ಲಿ ಮಂಡನೆಯಾದ ಅನುಬಂಧದಲ್ಲಿ ಆ ನಾಲ್ಕನ್ನು ಕಂಡಾಗ ಹಳೆಯ ಪರಿಚಯದವರನ್ನು ಕಂಡಂತಾಯಿತು.

ಆ ಶಿಕ್ಷಕಿಯದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಅಂದಿನಿಂದ ‘ಬಳಕೆಯಲ್ಲಿರುವ’ ಎಂಬ ಪದ ಬಿಟ್ಟು, ‘ನೀರಿನ ಸಂಪರ್ಕವಿರುವ, ಬೀಗ ಹಾಕದೆ ಮಕ್ಕಳಿಗೆ ತೆರೆದಿರುವ’ ಎಂದು ಬರೆಯತೊಡಗಿದೆ. ಹಳೆಯ ಕಡತದಲ್ಲಿ ಆ ಕಾಲಮ್ ಇರುವುದಿಲ್ಲ. ಹೋಗಿ ನೋಡಲೇಬೇಕು.

ಸಚಿವರು ತಪ್ಪು ಉತ್ತರ ಕೊಟ್ಟರೆ ಅಥವಾ ಮಾತು ಕೊಟ್ಟು ಮರೆತರೆ?

ತಪ್ಪಾಗಿದ್ದರೆ ಸಚಿವರು ತಿದ್ದುಪಡಿ ಹೇಳಿಕೆ ಕೊಡಬಹುದು. ಬೇಕೆಂದೇ ದಾರಿ ತಪ್ಪಿಸಿದರೆಂದು ತೋರಿಸಿದರೆ ಹಕ್ಕುಚ್ಯುತಿಯಾಗುತ್ತದೆ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದಂತೆ. ‘ಬೇಕೆಂದೇ’ ಎಂಬುದನ್ನು ತೋರಿಸುವುದೇ ಕಷ್ಟ. ಮರೆತ ಮಾತಿಗೆ ಭರವಸೆಗಳ ಸಮಿತಿ ಇದೆ, ಲೋಕಸಭೆಯಲ್ಲಿ 1953ರಿಂದಲೂ. ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದರೆ ಅದು ಭರವಸೆ, ಮೂರು ತಿಂಗಳೊಳಗೆ ಈಡೇರಿಸಬೇಕು. ಇಲಾಖೆಗಳು ‘ಸಂಗ್ರಹಿಸಲಾಗುತ್ತಿದೆ’ ಎಂಬ ಪದವನ್ನು ಅಳೆದು ಸುರಿದು ಬಳಸುವುದು ಇದಕ್ಕೇ. ಉತ್ತರ ಸಾಲದಿದ್ದರೆ ಅರ್ಧ ಗಂಟೆಯ ಚರ್ಚೆಗೂ ಸೂಚನೆ ಕೊಡಬಹುದು.

ದುಡ್ಡು ಪಡೆದು ಪ್ರಶ್ನೆ ಕೇಳುತ್ತಾರಂತೆ, ನಿಜವೇ?

ಕೇಳಿದವರಿದ್ದಾರೆ. 2005ರ ಡಿಸೆಂಬರಿನಲ್ಲಿ ಹನ್ನೊಂದು ಸಂಸದರು ಇದೇ ಕಾರಣಕ್ಕೆ ಉಚ್ಚಾಟನೆಯಾದರು, ಹತ್ತು ಮಂದಿ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. 1951ರಲ್ಲಿಯೇ ಎಚ್.ಜಿ. ಮುದ್ಗಲ್ ಎಂಬ ಸದಸ್ಯರ ಪ್ರಕರಣ ಆಗಿತ್ತು. ಪ್ರಶ್ನೆಗೆ ಬೆಲೆಯೇ ಇಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ: ಬೆಲೆ ಇಲ್ಲದ್ದನ್ನು ಯಾರೂ ಕೊಳ್ಳುವುದಿಲ್ಲ.

ಮಾಹಿತಿ ಹಕ್ಕು ಇರುವಾಗ ಇದೆಲ್ಲ ಏಕೆ?

ಎರಡೂ ಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸುವವರು ಮಾಹಿತಿ ಅಧಿಕಾರಿ, ಸದನದ ಪ್ರಶ್ನೆಗೆ ಸಚಿವರು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸಬಾರದು ಎಂಬ ಸೊಗಸಾದ ಸಾಲೊಂದು 2005ರ ಕಾಯ್ದೆಯಲ್ಲಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನು ತಿದ್ದಿ ಅದನ್ನು ಕೈಬಿಟ್ಟಿತು. ಆದ್ದರಿಂದ ಸದನದ ದಾರಿ ಈಗ ಹೆಚ್ಚು ಮುಖ್ಯ.

ನಾನು ಸಾಮಾನ್ಯ ಪ್ರಜೆ. ನನ್ನ ಪ್ರಶ್ನೆಯನ್ನು ಸದನಕ್ಕೆ ತಲುಪಿಸುವುದು ಹೇಗೆ?

ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಹೋಗಿ. ಶುರುವಾದ ಮೇಲೆ ಹೋದರೆ ಗಡುವು ಮುಗಿದಿರುತ್ತದೆ. ಶಾಸಕರ ಸುತ್ತ ಜನ ಇರುವಾಗ ಮನವಿ ಕೊಟ್ಟರೆ ಅದು ಹಾರದ ಜೊತೆಗೆ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. ಅವರ ಆಪ್ತ ಸಹಾಯಕರನ್ನು ಹಿಡಿಯಿರಿ. ಗೋಳು ಬರೆಯಬೇಡಿ, ಪ್ರಶ್ನೆಯನ್ನೇ ಬರೆದು ಒಯ್ಯಿರಿ: ಇಲಾಖೆಯ ಹೆಸರು, ಮೂರ್ನಾಲ್ಕು ಭಾಗ, ಜೊತೆಗೆ ಒಂದು ದಾಖಲೆಯ ನಕಲು. ವಿರೋಧ ಪಕ್ಷದವರೇ ಆಗಬೇಕೆಂದಿಲ್ಲ, ಆಡಳಿತ ಪಕ್ಷದವರೂ ಕೇಳುತ್ತಾರೆ. ಶಾಸಕರೇ ಸಚಿವರಾಗಿದ್ದರೆ ಮಾತ್ರ ಆಗದು. ಆಗ ಪರಿಷತ್ತಿನ ಸದಸ್ಯರೊಬ್ಬರನ್ನು ಹುಡುಕಿ.

ಹಳೆಯ ಉತ್ತರಗಳು ಎಲ್ಲಿ ಸಿಗುತ್ತವೆ?

ಸಂಸತ್ತಿನ ಎರಡೂ ಸದನಗಳ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿವೆ, ಸಚಿವಾಲಯ, ಸದಸ್ಯರ ಹೆಸರು, ದಿನಾಂಕ ಹಾಕಿ ಹುಡುಕಬಹುದು. ಕರ್ನಾಟಕದವು ವಿಧಾನಮಂಡಲದ ಜಾಲತಾಣದಲ್ಲಿವೆ. ಅನೇಕವು ಸ್ಕ್ಯಾನ್ ಮಾಡಿದ ಹಾಳೆಗಳಾದ್ದರಿಂದ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ, ದಿನಾಂಕ ಹಿಡಿದು ಒಂದೊಂದಾಗಿ ತೆರೆಯಬೇಕು. ತೆರೆದ ಮೇಲೆ ಕೊನೆಯ ಪುಟದ ಅನುಬಂಧದಿಂದ ಓದಲು ಶುರು ಮಾಡಿ. ಮೊದಲ ಪುಟದಲ್ಲಿ ಇರುವುದು ಬಹುಮಟ್ಟಿಗೆ ಯೋಜನೆಯ ಹೆಸರು.